ಆಟೊ ಮೀಟರ್, ಪೈಥಾನ್ ಮತ್ತು 0.1ರ ಹೆಜ್ಜೆ

ಜಯನಗರ ನಾಲ್ಕನೇ ಬ್ಲಾಕ್‌ನಲ್ಲಿ ಆಟೊ ಹತ್ತಿದ್ದೀವಿ ಅಂದ್ಕೊಳ್ಳಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಈಗ 2.0ರಿಂದ 3.0 ಕಿಲೋಮೀಟರ್‌ವರೆಗೆ, 0.1ರ ಹೆಜ್ಜೆಯಲ್ಲಿ, ಪೈಥಾನ್‌ನಲ್ಲಿ ಒಂದು ದರಪಟ್ಟಿ ಪ್ರಿಂಟ್ ಮಾಡೋಣ.

ಮೊದಲ ಪ್ರಯತ್ನ: ರೇಂಜ್(2.0, 3.0, 0.1). ತಕ್ಷಣ ಟೈಪ್‌ಎರರ್! ರೇಂಜ್‌ಗೆ ಪೂರ್ಣಾಂಕ ಮಾತ್ರ ಗೊತ್ತು.

ಎರಡನೇ ಪ್ರಯತ್ನ: ವೈಲ್ ಲೂಪ್. ದೂರ 2.0ರಿಂದ ಶುರು, 3.0 ಅಥವಾ ಅದಕ್ಕಿಂತ ಕಡಿಮೆ ಇರುವವರೆಗೆ ಪ್ರಿಂಟ್ ಮಾಡಿ, ಪ್ರತಿ ಸಲ 0.1 ಕೂಡಿಸ್ತೀವಿ. ಪ್ರೋಗ್ರಾಂ ಓಡುತ್ತೆ. ಆದರೆ ನಾಲ್ಕನೇ ಸಾಲಿನಲ್ಲಿ 2.3ರ ಬದಲು 2.3000000000000003 ಬರುತ್ತೆ. ಕೊನೆಯಲ್ಲಿ ಇನ್ನೂ ದೊಡ್ಡ ಎಡವಟ್ಟು: 3.0ರ ಸಾಲೇ ಇಲ್ಲ! ಹತ್ತು ಸಲ ಕೂಡಿಸಿದಾಗ ಸಿಗೋದು 3.000000000000001. ಅದು 3.0ಕ್ಕಿಂತ ಹೆಚ್ಚು, ಹಾಗಾಗಿ ಲೂಪ್ ಅಲ್ಲೇ ನಿಂತಿತು. ಎರರ್ ಬಂದರೆ ನಮಗೆ ಗೊತ್ತಾಗುತ್ತೆ. ಇಲ್ಲಿ ಯಾವ ಎರರೂ ಬರಲಿಲ್ಲ.

ಯಾಕೆ ಹೀಗೆ? 1ನ್ನು 3ರಿಂದ ಭಾಗಿಸಿದರೆ 0.333… ಮುಗಿಯೋದೇ ಇಲ್ಲ. ಬೈನರಿಯಲ್ಲಿ 0.1ರ ಕಥೆಯೂ ಅದೇ. ಕಂಪ್ಯೂಟರ್ ಅದನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಕೊಳ್ಳಬೇಕು. ಆ ಚೂರು ತಪ್ಪು ಪ್ರತಿ ಸುತ್ತಿನಲ್ಲೂ ಸೇರುತ್ತಾ ಹೋಗುತ್ತೆ.

ಸರಿದಾರಿ: ಎಣಿಕೆ ಪೂರ್ಣಾಂಕದಲ್ಲಿ, ದಶಮಾಂಶ ಕೊನೆಯಲ್ಲಿ. ದುಡ್ಡನ್ನೂ ಪೈಸೆಯಲ್ಲೇ ಲೆಕ್ಕ ಹಾಕೋಣ. (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಫಾರ್ ಐ ಇನ್ ರೇಂಜ್(20, 31):
    ಪೈಸೆ = 3600 + (ಐ - 20) * 180
    ಪ್ರಿಂಟ್(ಐ / 10, ಪೈಸೆ / 100)

ರೇಂಜ್ ಕೊನೆಯ ಸಂಖ್ಯೆಯನ್ನು ಬಿಟ್ಟುಬಿಡುತ್ತೆ, ಅದಕ್ಕೇ 31. ಈಗ 2.3ಕ್ಕೆ 41.4, 3.0ಕ್ಕೆ 54.0 ಸರಿಯಾಗಿ ಬರುತ್ತೆ. ಒಂದು ಎಚ್ಚರ: 10ರಿಂದ ಭಾಗಿಸಿ, 0.1ರಿಂದ ಗುಣಿಸಬೇಡಿ. 23ನ್ನು 0.1ರಿಂದ ಗುಣಿಸಿದರೆ ಮತ್ತೆ ಅದೇ 2.3000000000000003!

ಇಷ್ಟು ಸಣ್ಣ ತಪ್ಪಿಗೆ ಯಾಕಿಷ್ಟು ತಲೆಬಿಸಿ ಅನ್ನಿಸಬಹುದು. 1991ರ ಗಲ್ಫ್ ಯುದ್ಧದಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸಿ, 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಸುಮಾರು 100 ಗಂಟೆ ನಿಲ್ಲದೆ ಓಡಿದ ಮೇಲೆ ಸಮಯ 0.34 ಸೆಕೆಂಡಿನಷ್ಟು ತಪ್ಪಿತ್ತು. ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಎದುರಾದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ. 28 ಸೈನಿಕರು ಸತ್ತರು.

ಮನೆಗೆಲಸ: ಅದೇ ವೈಲ್ ಲೂಪನ್ನು 0.25ರ ಹೆಜ್ಜೆಯಲ್ಲಿ ಓಡಿಸಿ. ಈ ಸಲ 3.0 ಸರಿಯಾಗಿ ಬರುತ್ತೆ. ಯಾಕೆ ಅಂತ ಯೋಚಿಸಿ!