ಬಾದಾಮಿಗೆ ಹೊರಟಿರಾ? ಸಿಡಿಲಫಡಿಯನ್ನೂ ನೋಡಿ ಬನ್ನಿ

ಕಟಕೋಳದವರಿಗೆ ಬಾದಾಮಿ ದೂರದ ಊರೇನಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ನಾಲ್ಕು ಗುಹೆ, ಅಗಸ್ತ್ಯ ಕೆರೆ ನೋಡಿ ಬನಶಂಕರಿಗೆ ಕೈಮುಗಿದು ತಿರುಗಿಬಿಡುತ್ತೇವೆ. ಆ ಗುಹೆಗಳು ಮನುಷ್ಯ ಕೊರೆದವು, ಮೂರನೆಯದರಲ್ಲಿ ಕ್ರಿ.ಶ. 578ರ, ಚಾಲುಕ್ಯ ವಂಶದ ಮಂಗಳೇಶನ ಶಾಸನವಿದೆ. ಗಾಳಿ, ಮಳೆಯೇ ಕೆತ್ತಿದ ಕಲ್ಲು ನೋಡಬೇಕೆಂದರೆ ಗುಡ್ಡದ ಕಾಲುದಾರಿ ಹಿಡಿದು ಸಿಡಿಲಫಡಿಗೆ ನಡೆಯಿರಿ. ಕಮಾನಿನಂತೆ ಬಾಗಿದ ಆ ಬಂಡೆಯ ಆಸರೆಯಲ್ಲಿ ಆದಿಮಾನವರ ಚಿತ್ರಗಳಿವೆ.

ಕೆಲವು ಮಾತು ನೆನಪಿಡಿ. ಚಳಿಗಾಲ ಒಳ್ಳೆಯದು, ಬೇಸಿಗೆಯಾದರೆ ಬೆಳಕು ಹರಿಯುತ್ತಲೇ ಹೊರಡಿ. ಹೊತ್ತೇರಿದರೆ ಬಂಡೆ ಕಾದ ಹಂಚು. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲಿ, ಒಬ್ಬರೇ ಹೋಗಬೇಡಿ. ನೀರು ಹೆಚ್ಚೇ ಇರಲಿ. ರೊಟ್ಟಿ ಬುತ್ತಿಯನ್ನು ಚೀಲದೊಳಗೇ ಇಡಿ. ಕೈಯಲ್ಲಿ ಹಿಡಿದರೆ ಗುಹೆಗಳ ಹತ್ತಿರದ ಮಂಗಗಳು ಬಿಡುವುದಿಲ್ಲ. ಮರಳುಗಲ್ಲಿನ ಮೇಲೆ ಉದುರಿದ ಮರಳು ಜಾರುತ್ತದೆ, ಹಾಗಾಗಿ ಹಿಡಿತವಿರುವ ಬೂಟು ಹಾಕಿಕೊಳ್ಳಿ. ಮಳೆ ಬಂದಾಗ ಇಳಿಜಾರು ಹತ್ತಬೇಡಿ.

ಮುಖ್ಯ ಮಾತು: ಫೋಟೊ ಚೆನ್ನಾಗಿ ಬರಲೆಂದು ಚಿತ್ರಗಳಿಗೆ ನೀರು ಚಿಮುಕಿಸಬೇಡಿ, ಕೈಯಿಂದ ಉಜ್ಜಬೇಡಿ. ಬಂಡೆಯ ಮೇಲೆ ಹೆಸರು ಗೀಚುವ ಮಕ್ಕಳನ್ನು ಅಲ್ಲೇ ತಡೆಯಿರಿ. ಸಾವಿರಾರು ವರ್ಷ ಉಳಿದ ಬಣ್ಣ ಅಳಿಯಲು ಒಂದು ಒದ್ದೆ ಬಟ್ಟೆ ಸಾಕು.