ಸಕ್ಕರೆ ಒಂದನ್ನೇ ನೋಡಿದರೆ ಸಾಲದು

ಆರೋಗ್ಯ ಪ್ರಶ್ನೋತ್ತರ

ಮಕ್ಕಳ ಮಧುಮೇಹದ ಬಗ್ಗೆ ಬಂದ ನಾಲ್ಕು ಪತ್ರಗಳಿಗೆ ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಒಂದು ಪತ್ರದ ಉತ್ತರ ಇನ್ನೊಂದು ಮನೆಯವರಿಗೂ ಬೇಕಾದದ್ದು. ಹಾಗಾಗಿ ನಾಲ್ಕನ್ನೂ ಓದಿ.

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ನಾವು ಸೇವಂತಿಗೆ ಬೆಳೆಯುವವರು. ಮಾರಣಕಟ್ಟೆ ಜಾತ್ರೆಗೆ ಹೂವು ಕೊಯ್ಯುವ ಗಡಿಬಿಡಿಯಲ್ಲಿ ಅವಳು ಸಣ್ಣಗಾಗಿದ್ದು, ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದದ್ದು ನಮ್ಮ ಗಮನಕ್ಕೆ ಬರಲಿಲ್ಲ. ಒಂದು ದಿನ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿ ಆಸ್ಪತ್ರೆಗೆ ಸೇರಿಸಿದೆವು. ಟೈಪ್ 1 ಡಯಾಬಿಟಿಸ್ ಅಂದರು. ಈಗ ದಿನಕ್ಕೆ ನಾಲ್ಕು ಇನ್ಸುಲಿನ್ ಇಂಜೆಕ್ಷನ್. ಮೊನ್ನೆ ಥೈರಾಯ್ಡ್, ಟಿಟಿಜಿ ಅಂತ ಬೇರೆ ರಕ್ತಪರೀಕ್ಷೆಗಳನ್ನೂ ಬರೆದುಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಗೂ ಅವಕ್ಕೂ ಏನು ಸಂಬಂಧ? ನನಗೆ ಹೆರಿಗೆಯ ನಂತರ ಥೈರಾಯ್ಡ್ ಬಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನನ್ನಿಂದಲೇ ಬಂತಾ ಡಾಕ್ಟ್ರೇ?
– ಒಬ್ಬ ತಾಯಿ, ಹೆಮ್ಮಾಡಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅಮ್ಮ. ನೀವು ನುಂಗಿದ ಮಾತ್ರೆಯಿಂದ ಈ ಕಾಯಿಲೆ ಬರಲಿಲ್ಲ. ಕುಡಿಸಿದ ಎದೆಹಾಲಿನಿಂದ ಬರಲಿಲ್ಲ. ಮಗು ತಿಂದ ಮಿಠಾಯಿಯಿಂದಲೂ ಬರಲಿಲ್ಲ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಹೊರಗಿನ ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಸ್ವಂತ ದೇಹದ ಅಂಗವನ್ನೇ ಶತ್ರುವೆಂದು ತಿಳಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥ ಕಾಯಿಲೆಗಳನ್ನು ಆಟೊಇಮ್ಯೂನ್ ಕಾಯಿಲೆಗಳು ಎನ್ನುತ್ತೇವೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಹೀಗೆ ನಾಶವಾದರೆ ಟೈಪ್ 1 ಮಧುಮೇಹ ಬರುತ್ತದೆ. ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿಯಾದರೆ ಥೈರಾಯ್ಡ್ ಕೊರತೆ ಬರುತ್ತದೆ. ಹೆರಿಗೆಯ ನಂತರ ಹೆಂಗಸರಲ್ಲಿ ಕಾಣಿಸಿಕೊಳ್ಳುವ ಥೈರಾಯ್ಡ್ ತೊಂದರೆಯೂ ಬಹಳ ಸಲ ಇದೇ ಜಾತಿಯದು. ತಾಯಿಯಿಂದ, ತಂದೆಯಿಂದ ಮಗುವಿಗೆ ಬರುವುದು ಕಾಯಿಲೆಯಲ್ಲ, ಕಾಯಿಲೆಯ ಕಡೆಗಿನ ಒಲವು. ಎಚ್‌ಎಲ್‌ಎ ಎಂಬ ಜೀನುಗಳ ಕೆಲವು ಮಾದರಿಗಳು ಈ ಒಲವನ್ನು ಹೆಚ್ಚಿಸುತ್ತವೆ. ಅವನ್ನು ಹೊತ್ತ ಎಷ್ಟೋ ಜನ ಆಯುಷ್ಯವಿಡೀ ಆರೋಗ್ಯವಾಗಿರುತ್ತಾರೆ.

ಈ ನಂಟು ವೈದ್ಯರಿಗೆ ತಿಳಿದ ಬಗೆಯೂ ಹೇಳಬೇಕಾದದ್ದೇ. 1974ರಲ್ಲಿ ಲಂಡನ್ನಿನ ಬೊಟಾಟ್ಸೊ, ಡೊನಿಯಾಕ್ ಮತ್ತು ಸಂಗಡಿಗರು, ಇನ್ಸುಲಿನ್ ತಯಾರಿಸುವ ಭಾಗದ ಮೇಲೆ ಎರಗುವ ಪ್ರತಿಕಾಯಗಳನ್ನು ಮೊದಲು ಕಂಡದ್ದು ಮಧುಮೇಹದ ಜೊತೆಗೆ ಬೇರೆ ಗ್ರಂಥಿಗಳ ಆಟೊಇಮ್ಯೂನ್ ಕಾಯಿಲೆಯೂ ಇದ್ದವರ ರಕ್ತದಲ್ಲಿ. ಎಂದರೆ, ಟೈಪ್ 1 ಮಧುಮೇಹದ ಮೂಲ ಗೊತ್ತಾದದ್ದೇ ಅದರ ಒಡನಾಡಿ ಕಾಯಿಲೆಗಳ ಮೂಲಕ.

ಟೈಪ್ 1 ಇರುವ ನೂರು ಜನರಲ್ಲಿ 17ರಿಂದ 30 ಜನರಿಗೆ ಥೈರಾಯ್ಡಿನ ಆಟೊಇಮ್ಯೂನ್ ತೊಂದರೆಯೂ ಇರುತ್ತದೆ. ಮೊದಲಿಗೆ ಅದು ಏನನ್ನೂ ತೋರಗೊಡುವುದಿಲ್ಲ. ಮಗು ಸ್ವಲ್ಪ ಮಂಕಾಗುತ್ತದೆ, ಎತ್ತರ ಬೆಳೆಯುವುದು ನಿಧಾನವಾಗುತ್ತದೆ, ಮಲಬದ್ಧತೆ ಶುರುವಾಗುತ್ತದೆ. ಇವನ್ನೆಲ್ಲ ನಾವು ಸಕ್ಕರೆ ಕಾಯಿಲೆಯ ತಲೆಗೇ ಕಟ್ಟಿಬಿಡುತ್ತೇವೆ. ಅದಕ್ಕೇ ಲಕ್ಷಣಗಳಿಗೆ ಕಾಯದೆ ಪರೀಕ್ಷೆ ಮಾಡುವುದು. ಆಸ್ಪತ್ರೆಗೆ ಸೇರಿದಾಗಿನ ತೀವ್ರ ಸ್ಥಿತಿಯಲ್ಲಿ ಥೈರಾಯ್ಡ್ ಅಂಕಿ ತಪ್ಪು ತೋರಿಸಬಹುದು. ಸಕ್ಕರೆ ಹತೋಟಿಗೆ ಬಂದ ಮೇಲೆ ಟಿಎಸ್‌ಎಚ್ ಮತ್ತು ಥೈರಾಯ್ಡ್ ಪ್ರತಿಕಾಯ ನೋಡಿ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ಮರಳಿ ಮಾಡಿಸಬೇಕು. ಟಿಟಿಜಿ ಪರೀಕ್ಷೆ ಸೀಲಿಯಾಕ್ ಎಂಬ ಕರುಳಿನ ಕಾಯಿಲೆಗೆ. ಅದನ್ನು ಈಗೊಮ್ಮೆ, ಎರಡು ವರ್ಷದೊಳಗೆ ಇನ್ನೊಮ್ಮೆ, ಐದು ವರ್ಷಕ್ಕೆ ಮತ್ತೊಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಬರೆದುಕೊಟ್ಟ ವೈದ್ಯರು ಸರಿಯಾದದ್ದನ್ನೇ ಬರೆದಿದ್ದಾರೆ. ಖರ್ಚು ನೋಡಿ ಬಿಟ್ಟುಬಿಡಬೇಡಿ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ, ಟೈಪ್ 1 ಬಂದು ನಾಲ್ಕು ವರ್ಷ ಆಯಿತು. ಎರಡು ತಿಂಗಳಿಂದ ಅದೇ ಊಟ, ಅದೇ ಇನ್ಸುಲಿನ್ ಕೊಟ್ಟರೂ ಸಕ್ಕರೆ ಪದೇ ಪದೇ ಕೆಳಗಿಳಿಯುತ್ತಿದೆ. ಓರಗೆಯ ಹುಡುಗರೆಲ್ಲ ಎತ್ತರವಾದರು, ಇವನು ಹಾಗೇ ಇದ್ದಾನೆ. ಗೋಧಿ ಆಗದ ಕಾಯಿಲೆ ಇರಬಹುದು ಎಂದು ಒಬ್ಬರು ಹೇಳಿದರು. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಯೇ ಹೆಚ್ಚು. ಆದರೂ ಬರುತ್ತದೆಯೇ?
– ಒಬ್ಬ ತಂದೆ, ಬೈಂದೂರು

ಉತ್ತರ: ಬರಬಹುದು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೀಲಿಯಾಕ್ ಇರುವವರ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡಲು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ. ತಿಂದದ್ದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಊಟದ ಲೆಕ್ಕಕ್ಕೆ ಇನ್ಸುಲಿನ್ ಕೊಟ್ಟಿರುತ್ತೇವೆ, ಸಕ್ಕರೆ ಮಾತ್ರ ರಕ್ತಕ್ಕೆ ಬಂದಿರುವುದಿಲ್ಲ. ಹಾಗಾಗಿ ಸಕ್ಕರೆ ಕೆಳಗಿಳಿಯುತ್ತದೆ. ಬೆಳವಣಿಗೆ ನಿಲ್ಲುವುದು, ಕಬ್ಬಿಣದ ಮಾತ್ರೆ ಕೊಟ್ಟರೂ ಏರದ ರಕ್ತಹೀನತೆ, ಹೊಟ್ಟೆಯುಬ್ಬರ ಇದರ ಸುಳಿವುಗಳು. ಕೆಲವು ಮಕ್ಕಳಲ್ಲಿ ಇದೊಂದೂ ಇರುವುದಿಲ್ಲ.

2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಸೀಲಿಯಾಕ್ ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಮಾತ್ರ ಕಂಡಿತು. ಆದರೆ ಟೈಪ್ 1 ಇರುವ ಮಗು ಸಾಮಾನ್ಯರ ಲೆಕ್ಕಕ್ಕೆ ಸೇರುವುದಿಲ್ಲ. ಮಧುಮೇಹ, ಸೀಲಿಯಾಕ್ ಎರಡಕ್ಕೂ ಒಲವು ತರುವ ಜೀನುಗಳು ಬಹುಮಟ್ಟಿಗೆ ಅವೇ. ಗಂಜಿಯ ಮನೆಯಲ್ಲೂ ಚಪಾತಿ, ಬಿಸ್ಕತ್ತು, ಬ್ರೆಡ್ಡು, ಗೋಳಿಬಜೆ ಈಗ ದಿನನಿತ್ಯದ್ದಾಗಿವೆ. ಸಕ್ಕರೆ ಕಾಯಿಲೆ ಎಂದ ಕೂಡಲೇ ಅನ್ನ ಬಿಡಿಸಿ ಚಪಾತಿ ಹಿಡಿಸುವುದಂತೂ ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ.

ಒಂದು ಎಚ್ಚರಿಕೆ: ಪರೀಕ್ಷೆಗೆ ಮುಂಚೆ ನೀವೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲವೆಂದೇ ತೋರಿಸಬಹುದು. ಟಿಟಿಜಿ ಜೊತೆಗೆ ಒಟ್ಟು ಐಜಿಎ ನೋಡಬೇಕು. ಬೇಕಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಖಚಿತಪಡಿಸುತ್ತಾರೆ.

ಸೀಲಿಯಾಕ್ ಎಂದು ಖಚಿತವಾದರೆ ಗ್ಲುಟೆನ್ ಜೀವನಪೂರ್ತಿ ಬಿಡಬೇಕು. ಈ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಅನುಕೂಲ ಹೆಚ್ಚು. ಗಂಜಿ, ನೀರುದೋಸೆ, ಕೊಟ್ಟೆ ಕಡುಬು, ಪತ್ರೊಡೆ, ರಾಗಿ, ಮೀನು, ತರಕಾರಿ ಎಲ್ಲವೂ ಆಗುತ್ತದೆ. ರವೆ, ಮೈದಾ, ಗೋಧಿ ಶ್ಯಾವಿಗೆ ಆಗುವುದಿಲ್ಲ. ಮೀನು ಹುರಿಯುವಾಗ ರವೆಯ ಬದಲು ಅಕ್ಕಿಹಿಟ್ಟು ಹಚ್ಚಿ. ಅಂಗಡಿಯ ಇಂಗಿನ ಡಬ್ಬಿಯ ಮೇಲೆ ಬರೆದದ್ದನ್ನೂ ಓದಿ. ಬಹಳಷ್ಟು ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅನ್ನದ ಅಳತೆ ಮತ್ತು ಇನ್ಸುಲಿನ್ ಪ್ರಮಾಣವನ್ನು ಮಾತ್ರ ವೈದ್ಯರೊಂದಿಗೆ ಹೊಸದಾಗಿ ಹೊಂದಿಸಿಕೊಳ್ಳಬೇಕು.

ನಿಮ್ಮ ಮಗನಿಗೆ ಇನ್ನೆರಡು ಸಾಧ್ಯತೆಗಳನ್ನೂ ನೋಡಲೇಬೇಕು. ಒಂದು ಥೈರಾಯ್ಡ್ ಕೊರತೆ. ಇನ್ನೊಂದು ಅಡಿಸನ್ ಕಾಯಿಲೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸೋಲುವುದು ಇದರಲ್ಲಿ. ಟೈಪ್ 1 ಇರುವ ನೂರರಲ್ಲಿ ಒಬ್ಬರಿಗೂ ಬರುವುದಿಲ್ಲ, ಆದರೆ ಬಂದಾಗ ತಡವಾದರೆ ಜೀವಕ್ಕೇ ಅಪಾಯ. ಇನ್ಸುಲಿನ್ ಬೇಡಿಕೆ ಕಾರಣವಿಲ್ಲದೆ ಇಳಿಯುವುದು, ಮೈ ಕೈಯಲ್ಲಿ ತ್ರಾಣವಿಲ್ಲದಿರುವುದು, ಉಪ್ಪು ಬೇಕೆನಿಸುವುದು, ಅಂಗೈಯ ಗೆರೆಗಳೂ ಒಸಡೂ ಕಪ್ಪಾಗುವುದು ಇದರ ಗುರುತು. ಮಧುಮೇಹ ಬಂದ ಹೊಸತರಲ್ಲಿ ಇನ್ಸುಲಿನ್ ಕೆಲವು ತಿಂಗಳು ಕಡಿಮೆ ಸಾಕಾಗುವುದುಂಟು. ನಾಲ್ಕು ವರ್ಷದ ನಂತರ ಹಾಗಾದರೆ ಕಾರಣ ಹುಡುಕಲೇಬೇಕು. ಇದೇ ವಾರ ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಎರಡು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ಕೊಡುತ್ತಿದ್ದೇವೆ. ಈಗ ಮೊಣಕೈ, ಕಣ್ಣಿನ ಸುತ್ತ ಬಿಳಿ ಕಲೆ ಬಂದಿದೆ. ಮೀನು ತಿಂದು ಹಾಲು ಕುಡಿದದ್ದರಿಂದ ಎಂದು ಕೆಲವರು, ನಾಗದೋಷ ಎಂದು ಕೆಲವರು ಹೇಳುತ್ತಾರೆ. ಹಿತ್ತಲಲ್ಲಿ ಇನ್ಸುಲಿನ್ ಗಿಡವೂ ಇದೆ. ಎಲೆ ತಿನ್ನಿಸಿ ಇಂಜೆಕ್ಷನ್ ಕಡಿಮೆ ಮಾಡಬಹುದೇ?
– ಒಬ್ಬ ಅಜ್ಜಿ, ಬ್ರಹ್ಮಾವರ

ಉತ್ತರ: ಅಮ್ಮಾ, ಮೊದಲು ಚರ್ಮದ ವೈದ್ಯರಿಗೆ ತೋರಿಸಿ. ಬೆವರಿನ ಊರಿನಲ್ಲಿ ಬರುವ ಚಿಬ್ಬೂ ಬಿಳಿಯಾಗಿ ಕಾಣುತ್ತದೆ, ಅದಕ್ಕೆ ಮದ್ದು ಸುಲಭ. ಇದು ತೊನ್ನೇ ಆಗಿದ್ದರೆ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ರೋಗನಿರೋಧಕ ವ್ಯವಸ್ಥೆ ಎರಗಿದೆ ಎಂದರ್ಥ. ಟೈಪ್ 1 ಇರುವವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಮುಟ್ಟಿದರೆ ಅಂಟುವುದಿಲ್ಲ, ಮೀನು ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಹಚ್ಚುವ ಮುಲಾಮು, ಬೆಳಕಿನ ಚಿಕಿತ್ಸೆ ಇವೆ; ಬೇಗ ಶುರುಮಾಡಿದಷ್ಟು ಫಲ ಹೆಚ್ಚು. ಶಾಲೆಯಲ್ಲಿ ಬೇರೆ ಮಕ್ಕಳು ಅವಳನ್ನು ದೂರ ಕೂರಿಸದಂತೆ ಟೀಚರಿಗೆ ನೀವೇ ಹೇಳಿ.

ನಾಗನಿಗೆ ಸೇವೆ ಸಲ್ಲಿಸುವುದು ನಿಮ್ಮ ನಂಬಿಕೆ, ಮನಸ್ಸಿಗೆ ಧೈರ್ಯ ಕೊಡುವುದಾದರೆ ಮಾಡಿಸಿ. ಆ ದಿನವೂ ಇನ್ಸುಲಿನ್ ತಪ್ಪಬಾರದು. ಇನ್ಸುಲಿನ್ ಗಿಡಕ್ಕೆ ಹೆಸರಷ್ಟೇ ಇನ್ಸುಲಿನ್, ಅದರ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಈ ಮಕ್ಕಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ; ಹೊರಗಿನಿಂದ ಕೊಡುವುದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. 1922ರ ಜನವರಿಯಲ್ಲಿ ಟೊರೊಂಟೊದ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಬಂದ ಮಗು ಬದುಕುತ್ತಿರಲಿಲ್ಲ. ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಬೇಕೇ ಬೇಕು. ಎಷ್ಟು ಎಂಬುದನ್ನು ಫೋನಿನಲ್ಲಾದರೂ ವೈದ್ಯರನ್ನು ಕೇಳಿ.

ಪ್ರಶ್ನೆ: ಅಕ್ಕನಿಗೆ ಟೈಪ್ 1 ಇದೆ. ತಮ್ಮನಿಗೂ ಬರಬಹುದೇ? ಮೊದಲೇ ತಡೆಯಲು ಏನಾದರೂ ಇದೆಯೇ?
– ಓದುಗರು, ವಂಡ್ಸೆ

ಉತ್ತರ: ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಾರದಿರುವ ಸಾಧ್ಯತೆಯೇ ಬಹಳ ದೊಡ್ಡದು. ಪಾಶ್ಚಾತ್ಯ ದೇಶಗಳಲ್ಲಿ ಒಡಹುಟ್ಟಿದವರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಬರುತ್ತದೆ. ನಮ್ಮಲ್ಲಿ ಕಾಯಿಲೆಯೇ ಅಲ್ಲಿಗಿಂತ ಕಡಿಮೆ. ಕರ್ನಾಟಕದಲ್ಲಿ 1995ರಿಂದ ನಡೆದ ಮಧುಮೇಹ ನೋಂದಣಿಯ 13 ವರ್ಷಗಳ ಲೆಕ್ಕದಲ್ಲಿ, ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4.0 ಮಂದಿಗೆ ಹೊಸದಾಗಿ ಟೈಪ್ 1 ಬಂದಿತ್ತು.

ಬೀಟಾ ಕೋಶಗಳ ಮೇಲಿನ ದಾಳಿ ಲಕ್ಷಣ ಕಾಣುವ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಜಿಎಡಿ ಮುಂತಾದ ಪ್ರತಿಕಾಯ ಪರೀಕ್ಷೆಗಳಿಂದ ಅದನ್ನು ಹಿಡಿಯಬಹುದು. ಎರಡು ಅಥವಾ ಹೆಚ್ಚು ಪ್ರತಿಕಾಯ ಇರುವ ಮಗುವಿಗೆ ಮುಂದೆ ಮಧುಮೇಹ ಬರುವುದು ಬಹುಮಟ್ಟಿಗೆ ನಿಶ್ಚಿತ. ಅಂಥ ಘಟ್ಟದಲ್ಲಿ ಕಾಯಿಲೆಯನ್ನು ಸರಾಸರಿ ಎರಡು ವರ್ಷ ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ 2022ರ ನವೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಪೂರ್ತಿ ತಡೆಯುವ ಮದ್ದು ಇನ್ನೂ ಬಂದಿಲ್ಲ. ತಮ್ಮನಿಗೆ ಪ್ರತಿಕಾಯ ಪರೀಕ್ಷೆ ಬೇಕೇ ಎಂಬುದನ್ನು ಅಕ್ಕನನ್ನು ನೋಡುವ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಿ.

ಖರ್ಚಿಲ್ಲದೆ ಮಾಡಬಹುದಾದದ್ದು ಎಲ್ಲ ಮನೆಗೂ ಒಂದೇ. ಮಗು ಅತಿಯಾಗಿ ನೀರು ಕುಡಿಯುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಿಂದರೂ ಸಣ್ಣಗಾಗುವುದು ಕಂಡರೆ ಅದೇ ದಿನ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕುಂದಾಪುರದ ತಾಲೂಕು ಆಸ್ಪತ್ರೆಯಲ್ಲೋ ಅದು ಕೆಲವು ನಿಮಿಷಗಳ ಕೆಲಸ. ವಾಂತಿ, ಏದುಸಿರು ಶುರುವಾಗಿದ್ದರೆ ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯಬೇಡಿ.

ಟೈಪ್ 1 ಆಗಲೇ ಇರುವ ಮಗುವಿನ ಮನೆಯವರು ಒಂದು ನೋಟ್‌ಪುಸ್ತಕ ಇಡಿ. ಸಕ್ಕರೆ ಅಂಕಿಗಳ ಜೊತೆಗೆ ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆಯಿರಿ. ಟಿಎಸ್‌ಎಚ್, ಟಿಟಿಜಿ ಮಾಡಿಸಿದ ದಿನಾಂಕ, ಮುಂದೆ ಮಾಡಿಸಬೇಕಾದ ದಿನಾಂಕ ಗುರುತು ಹಾಕಿ. ಮನೆಯಲ್ಲಿ ಯಾರಿಗೆ ಥೈರಾಯ್ಡ್, ಯಾರಿಗೆ ತೊನ್ನು ಇದೆ ಎಂಬುದನ್ನೂ ಮೊದಲ ಪುಟದಲ್ಲೇ ಬರೆದಿಡಿ. ಮಣಿಪಾಲಕ್ಕೋ ಮಂಗಳೂರಿಗೋ ತಜ್ಞರ ಬಳಿ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ. ಈ ಒಡನಾಡಿ ಕಾಯಿಲೆಗಳಲ್ಲಿ ಹೆಚ್ಚಿನವು ಬೇಗ ಸಿಕ್ಕಿದರೆ ಒಂದು ಮಾತ್ರೆಯಲ್ಲೋ ಊಟದ ಬದಲಾವಣೆಯಲ್ಲೋ ಹತೋಟಿಗೆ ಬರುತ್ತವೆ. ನಿಮ್ಮ ಮಗು ಓದಿ, ಆಡಿ, ಎಲ್ಲರಂತೆ ಎತ್ತರ ಬೆಳೆಯುತ್ತದೆ.