ಮಕ್ಕಳ ಮೊದಲ ಕಲಿಕೆಯೂ ಊರವರ ಕೆಲಸವೂ

ಒಂದು ಮಗುವು ಮೂರನೆಯ ತರಗತಿಯನ್ನು ದಾಟಿದ ಮೇಲೆಯೂ ತನ್ನ ಪುಸ್ತಕದ ಒಂದು ಸಾಲನ್ನು ಓದಲಾರದೆ ಇದ್ದರೆ ಆ ತಪ್ಪು ಯಾರದು? ಉಪಾಧ್ಯಾಯರದೆಂದು ತಂದೆತಾಯಿಗಳು ಹೇಳುವರು. ಮನೆಯವರದೆಂದು ಉಪಾಧ್ಯಾಯರು ಹೇಳುವರು. ಈ ವಾದವು ನಡೆಯುತ್ತಿರುವಾಗಲೇ ಮಗುವು ನಾಲ್ಕನೆಯ ತರಗತಿಗೆ ಹೋಗಿ ಕೂತುಕೊಳ್ಳುವದು. ಅಲ್ಲಿಯ ಪಾಠಗಳೆಲ್ಲಾ ಓದಿಯೇ ತಿಳಿಯತಕ್ಕವುಗಳಾದ್ದರಿಂದ ಅದು ಲೆಕ್ಕದಲ್ಲಿ ಸಹ ಹಿಂದೆ ಬೀಳುವದು, ನಾಚಿಕೆಯಿಂದ ಹಿಂದಿನ ಸಾಲಿಗೆ ಸರಿಯುವದು, ಕೊನೆಗೆ ದನ ಕಾಯುವದೇ ಸುಲಭವೆಂದು ಅದಕ್ಕೆ ತೋರುವದು. ಆದಕಾರಣ ಈ ತಿಂಗಳ ಪಾಠದಲ್ಲಿ ನಾವು ಮೊದಲ ವರುಷಗಳ ಕಲಿಕೆಯನ್ನೂ ಅದರಲ್ಲಿ ಊರವರು ಮಾಡತಕ್ಕ ಕೆಲಸವನ್ನೂ ಕುರಿತು ವಿಚಾರಿಸುವೆವು.

ಕಲಿಕೆಯು ಶಾಲೆಯ ಹೊಸ್ತಿಲಲ್ಲಿ ಆರಂಭವಾಗುವದೆಂದು ಬಹಳ ಮಂದಿ ಎಣಿಸುತ್ತಾರೆ. ಹಾಗಲ್ಲ. ಅಜ್ಜಿಯ ಕಥೆಯ ನಡುವೆ "ಆ ಮೇಲೆ ಏನಾಯಿತು?" ಎಂದು ಕೇಳುವ ಕೂಸು ಮುಂದೆ ಓದಿದ್ದನ್ನು ಗ್ರಹಿಸುವದಕ್ಕೆ ಈಗಲೇ ಸಿದ್ಧವಾಗುತ್ತಿದೆ, ಚೆನ್ನೆಮಣೆಯ ಗುಳಿಗಳಲ್ಲಿ ಹುಣಸೆಬೀಜಗಳನ್ನು ಎಣಿಸಿ ಹಾಕುವ ಕೂಸು ಲೆಕ್ಕವನ್ನು ಕಲಿಯುತ್ತಿದೆ. 1975ನೆಯ ಇಸವಿ ಅಕ್ಟೋಬರ್ 2ರಂದು ಸರಕಾರದವರು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವು ಅದರ ಮೊದಲ ಸ್ಥಳವಾಯಿತು. ಅದರಿಂದ ಹುಟ್ಟಿದ ಅಂಗನವಾಡಿಗಳು ಈಗ ಹೆಚ್ಚು ಕಡಿಮೆ ಎಲ್ಲಾ ಊರುಗಳಲ್ಲಿಯೂ ಉಂಟು. ಆದರೆ ಅವು ಬರೀ ಊಟ ಕೊಡುವ ಸ್ಥಳಗಳೆಂಬ ಭಾವನೆ ಇನ್ನೂ ಹೋಗಲಿಲ್ಲ. ಊಟವು ಸಣ್ಣ ಸಂಗತಿಯಲ್ಲ. ಹಸಿದ ಹೊಟ್ಟೆಗೆ ಯಾವ ಪಾಠವೂ ಹತ್ತದು. ಆದಾಗ್ಯೂ ಊಟದ ಹೊತ್ತಿಗೆ ಮಾತ್ರ ಮಗುವನ್ನು ಕಳುಹಿಸಿ ಕರಕೊಂಡು ಹೋಗುವ ತಾಯಿಯು, ಅಲ್ಲಿಯ ಹಾಡು, ಆಟ, ಕಥೆ ಇವುಗಳನ್ನು ಮಗುವಿಗೆ ತಪ್ಪಿಸುತ್ತಾಳೆಂಬದು ಅವಳಿಗೆ ತಿಳಿದಿರುವದಿಲ್ಲ.

ಇನ್ನು ಶಾಲೆಯ ವಿಷಯ. 1995ರಲ್ಲಿ ಕಾಡಿನ ಅಂಚಿನಲ್ಲಿರುವ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಉಪಾಧ್ಯಾಯರು ಆಂಧ್ರ ಸೀಮೆಯ ಮದನಪಲ್ಲಿಯ ಬಳಿಯಲ್ಲಿರುವ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಚಿಕ್ಕ ಹಳ್ಳಿಶಾಲೆಗಳು ನಡೆಯುವ ರೀತಿಯನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ತಾವೇ ರಚಿಸಿದರು. ಇದೇ "ನಲಿ-ಕಲಿ"ಯ ಆರಂಭ. 2009ರ ನಂತರ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲಾ ಹರಡಿತು. ಇದರ ಗುಟ್ಟೇನಂದರೆ, ತರಗತಿಯು ಮಗುವನ್ನು ಬಿಟ್ಟು ಮುಂದೆ ಓಡುವದಿಲ್ಲ. ಹಳೆಯ ರೀತಿಯಲ್ಲಿ ಕೊಯ್ಲಿನ ಕಾಲದಲ್ಲಿ ಹದಿನೈದು ದಿವಸ ತಪ್ಪಿಸಿಕೊಂಡ ಮಗುವಿಗೆ ತಿರಿಗಿ ಬಂದಾಗ ಪಾಠದ ಕೊಂಡಿಯೇ ಸಿಕ್ಕುತ್ತಿರಲಿಲ್ಲ. ನಲಿ-ಕಲಿಯಲ್ಲಿ ಕಲಿಕೆಯ ಏಣಿಯೊಂದು ಉಂಟು. ಮಗುವು ಯಾವ ಮೆಟ್ಟಿಲಲ್ಲಿ ನಿಂತಿತ್ತೋ ಅದೇ ಮೆಟ್ಟಿಲಿನ ಕಾರ್ಡನ್ನು ಎತ್ತಿಕೊಂಡು ಮುಂದೆ ಹತ್ತುವದು. ಮಕ್ಕಳು ತರಗತಿಗೆ ತಕ್ಕಂತೆ ಅಲ್ಲ, ಬೇಕಾದ ಸಹಾಯಕ್ಕೆ ತಕ್ಕಂತೆ ಐದು ತಟ್ಟೆಗಳಾಗಿ ಕೂತುಕೊಳ್ಳುವರು. ಒಂದರಲ್ಲಿ ಉಪಾಧ್ಯಾಯರ ಪೂರ್ಣ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ, ನಡುವೆ ಜೊತೆಯವರ ಸಹಾಯ.

ಆದರೆ ಊರಿಗೆ ತಿಳಿಯದ ಒಳ್ಳೆಯ ಮಾರ್ಗವು ಅರ್ಧ ಮಾರ್ಗವೇ. ಒಂದು ಹಳ್ಳಿಯಲ್ಲಿ ಬಡಗಿ ಕೆಲಸದ ಮುದುಕರೊಬ್ಬರು ನಮ್ಮನ್ನು ತಡೆದು, "ಮೊಮ್ಮಗಳು ಶಾಲೆಗೆ ಸೇರಿ ಮೂರು ತಿಂಗಳಾಯಿತು, ಅ ಆ ಇ ಈ ಕೂಡ ಬಾರದು, ಈ ಶಾಲೆ ಬಿಡಿಸಿ ಪೇಟೆಯ ಶಾಲೆಗೆ ಹಾಕುತ್ತೇವೆ" ಅಂದರು. ನಾವು ಅವರನ್ನು ಕರಕೊಂಡು ಶಾಲೆಗೆ ಹೋದೆವು. ಈ ಕ್ರಮದಲ್ಲಿ ವರ್ಣಮಾಲೆಯ ಸಾಲನ್ನು ಹಿಡಿಯದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲು ಕಲಿಸುತ್ತಾರೆಂದು ಉಪಾಧ್ಯಾಯಿನಿಯವರು ವಿವರಿಸಿದರು. ಹುಡುಗಿಯು ಗೋಡೆಯ ಕೆಳಗಣ ಕರಿಹಲಗೆಯ ಮೇಲೆ ಸರ, ಅರಸ, ದಸರ ಎಂದು ಬರೆದು, ತರುವಾಯ ಅಜ್ಜನ ಮುಖವನ್ನು ನೋಡಿ "ಗರಗಸ" ಎಂದು ಬರೆದಳು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಯಾರೂ ನಮಗೆ ಹೇಳಲಿಲ್ಲವಲ್ಲ" ಅಂದರು. ಅವರ ಮಾತು ನ್ಯಾಯವೇ. ಹೇಳತಕ್ಕವರು ಹೇಳಲಿಲ್ಲ, ಕೇಳತಕ್ಕವರು ಮೂರು ತಿಂಗಳು ಶಾಲೆಯ ಬಾಗಲಿಗೆ ಹೋಗಲೂ ಇಲ್ಲ.

ಹೀಗೆ ಹೋಗಿ ಕೇಳುವದಕ್ಕೆ ನಮಗೆ ಅಧಿಕಾರವಿಲ್ಲವೆಂದು ಯಾರೂ ತಿಳಿಯಬಾರದು. 2001ರಲ್ಲಿಯೇ ಕರ್ನಾಟಕದ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿಗಳೂ ಪೋಷಕರೂ ಆಗಿರಬೇಕು, ಅರ್ಧ ಮಂದಿ ಸ್ತ್ರೀಯರಾಗಿರಬೇಕು. ಆದರೆ ನಾವು ಕಂಡ ಸಭೆಗಳಲ್ಲಿ ಗೋಡೆಯ ಬಣ್ಣ, ಕಾಂಪೌಂಡು, ನೀರಿನ ತೊಟ್ಟಿ ಇವುಗಳ ಮಾತೇ ಹೆಚ್ಚು. ತಾಯಂದಿರು ಸಹಿ ಮಾಡಿ ಮನೆಗೆ ಹೋಗುವರು. "ಎರಡನೆಯ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದು ಬರುತ್ತದೆ? ಬಾರದವರು ಯಾರು? ಅವರು ಎಷ್ಟು ದಿವಸ ಶಾಲೆಗೆ ಬಂದರು?" ಎಂದು ಕೇಳಿದ ಒಬ್ಬ ಸದಸ್ಯಳನ್ನು ನಾವು ಇನ್ನೂ ಕಾಣಬೇಕಾಗಿದೆ.

ಊರವರು ಕೈಹಾಕಬಹುದಾದ ಮತ್ತೊಂದು ಕೆಲಸವುಂಟು. ತಂದೆತಾಯಿಗಳು ಕಬ್ಬು ಕಡಿಯುವದಕ್ಕೋ ಕಾಫಿ ತೋಟಕ್ಕೋ ಹೋಗುವ ತಿಂಗಳುಗಳಲ್ಲಿ ಮಗುವನ್ನು ಅಜ್ಜಿಯ ಬಳಿಯಲ್ಲಿ ಬಿಟ್ಟು ಹೋಗುವಂತೆ ಹೇಳಿ, ಆ ಅಜ್ಜಿಗೆ ನೆರೆಯವರು ನೆರವಾಗಬಹುದು. ಮಗುವನ್ನು ಬೆಳಿಗ್ಗೆ ಶಾಲೆಗೆ ಕಳುಹಿಸುವ ಹೊಣೆಯನ್ನು ಒಬ್ಬರು ಹೊತ್ತರೂ ಸಾಕು. ಓದು ಬಾರದ ತಾಯಿಯೂ ಸಂಜೆ "ಇವತ್ತಿನ ಕಾರ್ಡಿನಲ್ಲಿ ಏನಿತ್ತು, ಹೇಳು" ಎಂದು ಕೇಳಬಲ್ಲಳು. ಗ್ರಾಮ ಪಂಚಾಯತಿಯ ಪುಸ್ತಕಾಲಯಗಳಲ್ಲಿ 2020ರಲ್ಲಿ ಆರಂಭವಾದ "ಓದುವ ಬೆಳಕು" ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರಕಿತು. ನಿಮ್ಮ ಪಂಚಾಯತಿಯ ಪುಸ್ತಕಾಲಯದ ಬಾಗಲು ಯಾವ ಹೊತ್ತಿಗೆ ತೆರೆಯುವದೆಂದು ವಾಚಕರೇ, ನೀವು ಬಲ್ಲಿರಾ? ತಿಳಿಯದಿದ್ದರೆ ಈ ವಾರ ಒಂದು ಮಗುವಿನ ಕೈ ಹಿಡಿದು ಹೋಗಿ ನೋಡಿರಿ.